ಲೋಪವೂ ಹೇತುವೂ
ಬಿ-ಕಣಗಳ ದೀರ್ಘಕಾಲಿಕ ರಕ್ತಾರ್ಬುದದಲ್ಲಿ 22ನೆಯ ವರ್ಣತಂತುವಿನ ಒಂದು ಖಂಡವು ‘ಪ್ರೇಮ್’ ಎಂಬ ಜೀನಿನೊಡನೆ ಲುಪ್ತವಾಗಿರುವುದನ್ನು ಕಂಡು, ಆ ಲೋಪವೇ ರೋಗಹೇತುವೆಂದು ಊಹಿಸುವುದುಂಟು. ಈ ಅನುಮಾನವು ಪರೀಕ್ಷೆಗೆ ನಿಲ್ಲದು. ಬಿ-ಕಣವು ಪ್ರತಿಕಾಯರಚನೆಗಾಗಿ ದೂರದ ಜೀನ್‌ಖಂಡಗಳನ್ನು ಕೂಡಿಸಿಕೊಳ್ಳುವುದೆಂದು 1976ರಲ್ಲಿ ಹೊಜುಮಿ, ತೊನೆಗಾವಾ ಇವರು ತೋರಿಸಿದರು. ನಡುವಣ ಭಾಗವು ಸಾಮಾನ್ಯವಾಗಿ ಕಳಚಿಹೋಗುವುದು. ಲಾಂಬ್ಡಾ ಎಂಬ ಲಘುಸರಪಳಿಯ ಖಂಡಗಳಿರುವುದು 22ನೆಯ ವರ್ಣತಂತುವಿನಲ್ಲಿಯೇ. ‘ಪ್ರೇಮ್’ ಇರುವುದೂ ಅವುಗಳ ಮಧ್ಯದಲ್ಲಿಯೇ. ಆಯ್ದ ಖಂಡವು ಅದರಾಚೆಯದಾದರೆ ಲೋಪವು ಸಹಜವಾಗಿಯೇ ಒದಗುವುದು. 2013ರಲ್ಲಿ ಮ್ರಾಜ್ ಮತ್ತು ಸಂಗಡಿಗರು ಪ್ರತಿಪಾದಿಸಿದ್ದೂ ಈ ಸಂಬಂಧವನ್ನೇ. ನೈಯಾಯಿಕರ ಮಾತಿನಲ್ಲಿ ಇಂಥದು ಅನ್ಯಥಾಸಿದ್ಧ. ಮಣ್ಣು ಹೊತ್ತ ಕತ್ತೆಯು ಘಟಕ್ಕೆ ಕಾರಣವಲ್ಲ. ಹಾಗೆಂದು ಸರ್ವಲೋಪವೂ ನಿರ್ದೋಷವಲ್ಲ: 13ನೆಯ ವರ್ಣತಂತುವಿನ ಲೋಪವನ್ನು ಇಲಿಗಳಲ್ಲಿ ಉಂಟುಮಾಡಿದಾಗ ಬಿ-ಕಣವ್ಯಾಧಿಯು ತಲೆದೋರಿತೆಂದು 2010ರಲ್ಲಿ ಪ್ರಕಟವಾಯಿತು. ಸಾಹಚರ್ಯವನ್ನೇ ಕಾರಣತ್ವವೆಂದೆಣಿಸಿದರೆ ಕೆಡುವುದು ತರ್ಕಮಾತ್ರವಲ್ಲ, ರೋಗಿಯ ಸಾಧ್ಯಾಸಾಧ್ಯವಿಚಾರವೂ ಕೆಡುವುದು.