ಗೋಡೆಗೆ ಹೋದ ಚಿತ್ರ, ರದ್ದಿಗೆ ಹೋದ ಅಕ್ಷರ

ಹಳೆಯ ಬೇಟೆ ಪುಸ್ತಕವೊಂದು ವ್ಯಾಪಾರಿಯ ಕೈಗೆ ಸಿಕ್ಕರೆ ಅವನು ಮೊದಲು ಎಣಿಸುವುದು ಅದರ ಚಿತ್ರಗಳನ್ನು. ಇಡೀ ಪುಸ್ತಕಕ್ಕಿಂತ ಬಿಡಿ ಚಿತ್ರಗಳಿಂದ ಹೆಚ್ಚು ಹಣ ಹುಟ್ಟುವುದಾದರೆ ಹೊಲಿಗೆ ಬಿಚ್ಚುತ್ತಾನೆ. ಚಿತ್ರಗಳು ಚೌಕಟ್ಟು ಸೇರಿ ಹೋಟೆಲುಗಳ, ಕ್ಲಬ್ಬುಗಳ, ಸ್ಥಿತಿವಂತರ ಮನೆಗಳ ಗೋಡೆ ಏರುತ್ತವೆ. ಉಳಿದ ಅಕ್ಷರದ ಹಾಳೆಗಳನ್ನು ಕೇಳುವವರಿರುವುದಿಲ್ಲ. ಬೇಟೆಯ, ಅದರಲ್ಲೂ ಗಿಡುಗ ಹಾರಿಸಿ ಆಡುವ ಬೇಟೆಯ ಹಳೆಯ ಪುಸ್ತಕ-ಚಿತ್ರಗಳನ್ನು ಕೂಡಿಡುವ ಹವ್ಯಾಸದ ಬಗ್ಗೆ ನಮ್ಮ ತಕರಾರು ಶುರುವಾಗುವುದು ಇಲ್ಲಿಂದಲೇ.

ಈ ಸಂಗ್ರಾಹಕರ ಲೋಕದಲ್ಲಿ ದೊಡ್ಡ ಹೆಸರು ಮಾಡಿದ್ದು 1807ರಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಆರ್ಮ್ ಪ್ರಕಟಿಸಿದ 'ಓರಿಯೆಂಟಲ್ ಫೀಲ್ಡ್ ಸ್ಪೋರ್ಟ್ಸ್'. ಬರೆದವನು ಬಂಗಾಳದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸೈನ್ಯದಲ್ಲಿದ್ದ ಕ್ಯಾಪ್ಟನ್ ಥಾಮಸ್ ವಿಲಿಯಮ್ಸನ್. ಅವನ ಕರಡು ಚಿತ್ರಗಳನ್ನು ಆಧರಿಸಿ ಸ್ಯಾಮ್ಯುಯೆಲ್ ಹೊವಿಟ್ ಬರೆದ ನಲವತ್ತು ಬಣ್ಣದ ಚಿತ್ರಗಳು ಅದರಲ್ಲಿವೆ. ಒಂದರಲ್ಲಿ ಕಾಡುಹಂದಿ ಎಬ್ಬಿಸಲು ಕಬ್ಬಿನ ಗದ್ದೆಗೆ ಜನ ನುಗ್ಗಿದ್ದಾರೆ. ಸೊಗಸಾದ ಚಿತ್ರ, ಸುಳ್ಳಲ್ಲ. ಆದರೆ ಆ ಕಬ್ಬು ಯಾರದು? ಹಂದಿಯ ಎದುರಿಗೆ ಬರಿಗಾಲಲ್ಲಿ ಹೋದವರು ಯಾರು? ಸಾಹೇಬರ ಕುದುರೆಯ ಮೈಹೊಳಪನ್ನೂ ಬಿಡದೆ ತೋರಿಸಿದ ಚಿತ್ರಕಾರನಿಗೆ ಈ ಜನ ಬರೀ ಗುಂಪು. ಜೊತೆಗೆ ಮುದ್ರಿಸಿದ ಬರಹದಲ್ಲಿ ಇವರ ಕೆಲಸದ ಒಂದಿಷ್ಟು ವಿವರವಾದರೂ ಸಿಗುತ್ತದೆ. ಹಾಳೆ ಕಿತ್ತಾಗ ಅದೂ ಹೋಗುತ್ತದೆ. ಗೋಡೆಯ ಮೇಲೆ ಉಳಿಯುವುದು ಸಾಹೇಬರ ಬಿಡುವಿನ ಬೆಳಗು ಮಾತ್ರ.

ಎಲ್ಲ ಕಾಲದ ಬೇಟೆ ಪುಸ್ತಕಗಳೂ ಹೀಗಿರಲಿಲ್ಲ. ಸಿರಿಯಾದ ಶೈಝರ್ ಕೋಟೆಯಲ್ಲಿ 1095ರಲ್ಲಿ ಹುಟ್ಟಿದ ಉಸಾಮಾ ಇಬ್ನ್ ಮುನ್‌ಕಿಜ್ ಇಳಿವಯಸ್ಸಿನಲ್ಲಿ ಬರೆಸಿದ 'ಕಿತಾಬ್ ಅಲ್ ಇಅತಿಬಾರ್' ಕೃತಿಯ ಕೊನೆಯ ಭಾಗ ಪೂರ್ತಿ ಬೇಟೆಯದು. ಕೈಯಾರೆ ಕುರ್‌ಆನ್ ಪ್ರತಿ ಮಾಡುತ್ತಿದ್ದ, ಬೇಟೆ ಎಂದರೆ ಪ್ರಾಣ ಬಿಡುತ್ತಿದ್ದ ತಂದೆ ಅಲ್ಲಿದ್ದಾನೆ. ಗನಾಇಮ್ ಎಂಬ ಬಾಜ್ ಪಳಗಿಸುವವನೂ ತನ್ನ ಹೆಸರಿನಿಂದಲೇ ಅಲ್ಲಿದ್ದಾನೆ. ಯಜಮಾನನ ಕಥೆಯಲ್ಲಿ ಆಳಿನ ಹೆಸರು ಅಳಿಸಿಹೋಗಿಲ್ಲ. ಚಕ್ರವರ್ತಿ ಎರಡನೇ ಫ್ರೆಡರಿಕ್ 13ನೇ ಶತಮಾನದಲ್ಲಿ ಲ್ಯಾಟಿನ್ನಿನಲ್ಲಿ ಈ ವಿದ್ಯೆಯ ದೊಡ್ಡ ಗ್ರಂಥ ಬರೆದ. ಹಕ್ಕಿಯ ಕಣ್ಣು ಮುಚ್ಚುವ ಚರ್ಮದ ಟೊಪ್ಪಿಗೆಯನ್ನು ಅರಬರಿಂದ ಕಲಿತೆವೆಂದು ಅದರಲ್ಲಿ ಒಪ್ಪಿಕೊಂಡ. ಅರಬಿಯ ಗಿಡುಗ ಗ್ರಂಥವೊಂದನ್ನು ಲ್ಯಾಟಿನ್ನಿಗೆ ಅನುವಾದ ಮಾಡಿಸಿದ. ಶಿಲುಬೆ ಯುದ್ಧಗಳ ಕಾಲದಲ್ಲೂ ಜ್ಞಾನದ ಸಾಲವನ್ನು ಸಾಲವೆಂದು ಹೇಳುವ ಪ್ರಾಮಾಣಿಕತೆ ಇತ್ತು ಎಂಬುದು ಸಣ್ಣ ಸಂಗತಿಯಲ್ಲ.

ಗಿಡುಗದ ಬೇಟೆ ಎಂದ ಕೂಡಲೇ ಸುಲ್ತಾನರು, ನವಾಬರು ನೆನಪಾಗುವುದು ನಮ್ಮಲ್ಲಿ ರೂಢಿ. ಬಾಜ್, ಬಹರಿ, ಶಿಕ್ರಾ ಎಂಬ ಪದಗಳು ಹಾಗೆ ಅನ್ನಿಸಿದರೆ ಅಚ್ಚರಿಯಿಲ್ಲ. ಆದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ತನ್ನ 'ಮಾನಸೋಲ್ಲಾಸ'ದಲ್ಲಿ ಶ್ಯೇನವಿನೋದಕ್ಕೆ ಜಾಗ ಕೊಟ್ಟಿದ್ದ. ಕುಮಾವೂನಿನ ರುದ್ರದೇವ ಸಂಸ್ಕೃತದಲ್ಲಿ 'ಶ್ಯೈನಿಕಶಾಸ್ತ್ರ'ವನ್ನೇ ಬರೆದ. ಪಠಾಣ ಕವಿ ಖುಷ್‌ಹಾಲ್ ಖಾನ್ ಖಟಕ್ ಪಶ್ತೋದಲ್ಲಿ 'ಬಾಜ್‌ನಾಮಾ' ರಚಿಸಿದ. ಇರಾನಿನ ಕಜಾರ್ ರಾಜಕುಮಾರ ತೈಮೂರ್ ಮಿರ್ಜಾನ ಪಾರಸಿ 'ಬಾಜ್‌ನಾಮಾ-ಯೆ-ನಾಸಿರಿ'ಯನ್ನು ಕಲ್ಕತ್ತೆಯಲ್ಲಿ ಅಧಿಕಾರಿಯಾಗಿದ್ದ ಡಿ.ಸಿ. ಫಿಲಟ್ ಇಂಗ್ಲಿಷಿಗೆ ತಂದ. ಅದು 1908ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಇಂದು ಸಂಗ್ರಾಹಕರು ಹುಡುಕುವುದು ಈ ಇಂಗ್ಲಿಷ್ ಪ್ರತಿಯನ್ನು. ಈ ವಿದ್ಯೆಗೆ ಒಂದು ಧರ್ಮದ ಮುದ್ರೆ ಒತ್ತುವವರೂ, ಇದು ನಮ್ಮದು ಮಾತ್ರ ಎಂದು ಬೀಗುವವರೂ ಇವನ್ನೆಲ್ಲ ಒಂದೇ ಕಪಾಟಿನಲ್ಲಿಟ್ಟು ನೋಡಬೇಕು.

ಉರ್ದು ಓದಿದ ನಮ್ಮಂಥವರಿಗೆ ಇನ್ನೊಂದು ತೊಡಕಿದೆ. ನಮಗೆ ಶಾಹೀನ್ ಪರಿಚಯವಾದದ್ದು ಇಕ್ಬಾಲರ ಕಾವ್ಯದಿಂದ. ಆ ಶಾಹೀನ್ ಗೂಡು ಕಟ್ಟುವುದಿಲ್ಲ, ಯಾರ ಹಂಗಿನಲ್ಲೂ ಇರುವುದಿಲ್ಲ. ಗಿಡುಗದ ಪುಸ್ತಕಗಳನ್ನು ಬಿಡಿಸಿದರೆ ಕಾಣುವುದೇ ಬೇರೆ. ಅಲ್ಲಿ ಹಕ್ಕಿಯ ಕಾಲಿಗೆ ಚರ್ಮದ ಪಟ್ಟಿ, ಕಣ್ಣಿಗೆ ಟೊಪ್ಪಿಗೆ. ಅಳೆದು ಕೊಡುವ ಮಾಂಸ, ಲೆಕ್ಕ ಹಾಕಿದ ಹಸಿವು. ಕಾವ್ಯದ ಸ್ವತಂತ್ರ ಹಕ್ಕಿ ಅರಮನೆಯಲ್ಲಿ ಸೆರೆಯಾಳು. ಇಕ್ಬಾಲರ ರೂಪಕ ಇದರಿಂದ ಕೆಡುವುದಿಲ್ಲ. ಆದರೆ ದೊರೆಯ ಮುಂಗೈ ಮೇಲಿನ ಗಿಡುಗದ ಚಿತ್ರಕ್ಕೆ ಸ್ವಾಭಿಮಾನದ ಸಂಕೇತವೆಂದು ಚೌಕಟ್ಟು ಹಾಕಿಸುವವರು ಆ ಹಕ್ಕಿಯ ಕಾಲನ್ನೂ ಒಮ್ಮೆ ನೋಡಬೇಕು.

ಹಕ್ಕಿ ಹಿಡಿಯುವ, ಪಳಗಿಸುವ ವಿದ್ಯೆ ಬದುಕಿದ್ದು ಪುಸ್ತಕಗಳಿಗಿಂತ ಹೆಚ್ಚಾಗಿ ಕೈಗಳಲ್ಲಿ. ಬಿಹಾರದ ಮೀರ್‌ಶಿಕಾರ್ ಜನರ ಬಲೆ-ಅಂಟಿನ ಜಾಣ್ಮೆಯನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆ ಅರಿಯುವ ಕೆಲಸಕ್ಕೆ ಬಳಸಿಕೊಂಡಿತು. ನಮ್ಮ ಕರ್ನಾಟಕದ ಹಕ್ಕಿಪಿಕ್ಕಿಗಳು ಗಿಡುಗ ಹಾರಿಸಿದವರಲ್ಲ. ಆದರೂ ಹಕ್ಕಿಯ ಹೆಜ್ಜೆ, ದನಿ, ಹೊತ್ತು ಬಲ್ಲವರು. 1972ರ ವನ್ಯಜೀವಿ ರಕ್ಷಣಾ ಕಾಯ್ದೆ ಬೇಕಾದದ್ದೇ. ಆದರೆ ಅದು ಬಂದಾಗ ಬೇಟೆಯನ್ನು ವಿನೋದಕ್ಕೆ ಆಡಿದವರ ಚಿತ್ರಗಳು ಕಲೆಯಾದವು, ಹೊಟ್ಟೆಪಾಡಿಗೆ ಆಡಿದವರು ಅಪರಾಧಿಗಳಾದರು. 2010ರಲ್ಲಿ ಯುನೆಸ್ಕೋ ಹಲವು ದೇಶಗಳ ಗಿಡುಗದ ಬೇಟೆಯನ್ನು ಮಾನವಕುಲದ ಪರಂಪರೆ ಎಂದು ಗುರುತಿಸಿತು. ಪರಂಪರೆ ಎನ್ನುವ ಗೌರವ ಯಾರಿಗೆ, ಪೊಲೀಸ್ ಠಾಣೆ ಯಾರಿಗೆ ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಕುರ್‌ಆನಿನ ಅಲ್ ಮಾಇದಾ ಅಧ್ಯಾಯದ 4ನೇ ಆಯತ್ ಪಳಗಿಸಿದ ಪ್ರಾಣಿ ಹಿಡಿದು ತಂದ ಬೇಟೆಯನ್ನು ಅಲ್ಲಾಹನ ಹೆಸರು ಹೇಳಿ ತಿನ್ನಲು ಅನುಮತಿಸುತ್ತದೆ. ಪಳಗಿಸುವ ಆ ಅರಿವೂ ಅಲ್ಲಾಹನೇ ಕಲಿಸಿದ್ದೆಂದು ಅದರ ಜೊತೆಗೇ ನೆನಪಿಸುತ್ತದೆ. ಅರಿವು ಅಮಾನತ್ತು ಎಂದಾದರೆ ಅದನ್ನು ಹೊತ್ತ ಪುಸ್ತಕವೂ ಅಮಾನತ್ತೇ.

ಆದ್ದರಿಂದ ಸಂಗ್ರಹಿಸುವವರಲ್ಲಿ ನಮ್ಮ ಕೋರಿಕೆ ಇಷ್ಟು. ಬಿಡಿ ಚಿತ್ರ ಕೊಳ್ಳಬೇಡಿ. ಕೊಳ್ಳುವವರಿದ್ದರೆ ಹೊಲಿಗೆ ಬಿಚ್ಚುವವರೂ ಇರುತ್ತಾರೆ. ಹರಿದಿದ್ದರೂ ಇಡೀ ಪುಸ್ತಕ ಇಟ್ಟುಕೊಳ್ಳಿ. ಅಜ್ಜನ ಪೆಟ್ಟಿಗೆಯಲ್ಲಿ ಪಾರಸಿ, ಉರ್ದು ಹಾಳೆಗಳಿದ್ದರೆ ಓದಲು ಬರುವುದಿಲ್ಲವೆಂದು ರದ್ದಿಗೆ ಹಾಕಬೇಡಿ, ಬಲ್ಲವರಿಗೆ ತೋರಿಸಿ. ಚಿತ್ರ ನೋಡುವಾಗ ಆನೆಯ ಮೇಲೆ ಕೂತವನನ್ನು ಎಷ್ಟು ಹೊತ್ತು ನೋಡುತ್ತೀರೋ, ಆನೆಯ ಪಕ್ಕ ನಡೆದವನನ್ನೂ ಅಷ್ಟೇ ಹೊತ್ತು ನೋಡಿ.