ಬೆಳ್ಳಿ, ಬೆಳಕು, ಪತಂಗದ ರೆಕ್ಕೆ

ರಸವಾದವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಶುಭಚಂದ್ರ–ಭರ್ತೃಹರಿಗಳ ಕಥೆ. ಹನ್ನೆರಡು ವರ್ಷ ಗುರುಸೇವೆ ಮಾಡಿ ಭರ್ತೃಹರಿ ಸಂಪಾದಿಸಿದ ಸಿದ್ಧರಸವನ್ನು ದಿಗಂಬರ ಮುನಿಯಾಗಿದ್ದ ಅಣ್ಣ ಶುಭಚಂದ್ರರು ಬಂಡೆಯ ಮೇಲೆ ಸುರಿದುಬಿಟ್ಟರು. ಮರುಗಿದ ತಮ್ಮನಿಗೆ ತಮ್ಮ ಪಾದಧೂಳಿಯಿಂದಲೇ ಬಂಡೆಯನ್ನು ಹೊನ್ನಾಗಿಸಿ ತೋರಿಸಿ, ಹೊನ್ನೇ ಬೇಕಾಗಿದ್ದರೆ ಅರಮನೆಯನ್ನೇಕೆ ಬಿಟ್ಟೆ ಎಂದು ಕೇಳಿದರು. ಈ ಕಥೆಯನ್ನು ರಸವಾದದ ತಿರಸ್ಕಾರವೆಂದಷ್ಟೇ ಓದುವುದು ವಾಡಿಕೆ. ಆದರೆ ಅದರೊಳಗೆ ವಿಮರ್ಶಕನಿಗೆ ಉಪಯೋಗವಾಗುವ ಪ್ರಶ್ನೆಯೊಂದಿದೆ: ವಸ್ತುವನ್ನು ಮಾರ್ಪಡಿಸುವವನು ಏನನ್ನು ಪಡೆಯಲೆಂದು ಮಾರ್ಪಡಿಸುತ್ತಾನೆ, ಅದರ ಬೆಲೆಯನ್ನು ತೆರುವವರು ಯಾರು?

ಪಾಶ್ಚಾತ್ಯ ದೇಶಗಳ ಪ್ರಯೋಗಾತ್ಮಕ ಚಲನಚಿತ್ರಗಳನ್ನು ಕುರಿತು ಬರೆಯುವವರು ‘ರಸವಾದ’ವೆಂಬ ಮಾತನ್ನು ಮೇಲಿಂದ ಮೇಲೆ ಬಳಸುತ್ತಾರೆ. ಕಥೆ, ನಟರು, ಹಾಡು ಇವಾವುವೂ ಇಲ್ಲದೆ, ಕೆಲವೊಮ್ಮೆ ಕ್ಯಾಮೆರಾ ಸಹ ಇಲ್ಲದೆ, ಫಿಲ್ಮಿನ ಪಟ್ಟಿಯನ್ನೇ ಕೆರೆದು, ಬಣ್ಣ ಬಳಿದು, ಕೊಳೆಸಿ ಮಾಡುವ ಚಿತ್ರಗಳಿವು. ಈ ಹೋಲಿಕೆಯನ್ನು ಒರೆಗೆ ಹಚ್ಚಿ ನೋಡೋಣ. ಚಿನಿವಾರರ ಅಂಗಡಿಯಲ್ಲಿ ಆಯುಷ್ಯ ಕಳೆದವನಿಗೆ ಬಂದ ಅಭ್ಯಾಸವಿದು, ವಾಚಕರು ಕ್ಷಮಿಸಬೇಕು.

ಚರಿತ್ರೆಯ ದೃಷ್ಟಿಯಿಂದ ಹೋಲಿಕೆ ಸಾಚಾ ಆಗಿಯೇ ಇದೆ. ಹದಿನೇಳನೆಯ ಶತಮಾನದ ಜರ್ಮನ್ ರಸವಾದಿ ಬಾಲ್ಡುಯಿನ್ ಎಂಬಾತನು ಜಗತ್ತಿನ ಚೈತನ್ಯವನ್ನು ವಸ್ತುವಿನಲ್ಲಿ ಹಿಡಿದಿಡಬೇಕೆಂದು ಸುಣ್ಣದ ಕಲ್ಲನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದನು. ಅದನ್ನು ಕಾಯಿಸಿದಾಗ ಉಳಿದ ಪದಾರ್ಥ ಕತ್ತಲೆಯಲ್ಲಿ ಹೊಳೆಯಿತು. ಈ ಬೆಳಕಿನ ಪದಾರ್ಥವನ್ನು ತಾನೂ ಮಾಡಲು 1717ರ ಸುಮಾರಿಗೆ ಯೋಹಾನ್ ಹೈನ್ರಿಕ್ ಶುಲ್ಟ್ಸೆ ಎಂಬ ವಿದ್ವಾಂಸನು ತೊಡಗಿದನು. ಅವನು ಬಳಸಿದ ಆಮ್ಲದಲ್ಲಿ ಸ್ವಲ್ಪ ಬೆಳ್ಳಿ ಬೆರೆತಿತ್ತು. ಕಿಟಕಿಯ ಬಿಸಿಲಿಗೆ ಒಡ್ಡಿದ ಭಾಗ ಮಾತ್ರ ಕಪ್ಪಾಯಿತು. ಕಾವಿನಿಂದ ಹೀಗಾಗುವುದಿಲ್ಲವೆಂದು ಬೇರೆಯಾಗಿ ಪರೀಕ್ಷಿಸಿ ತಿಳಿದು, ಅಕ್ಷರಗಳನ್ನು ಕತ್ತರಿಸಿದ ಕಾಗದವನ್ನು ಶೀಶೆಗೆ ಅಂಟಿಸಿದಾಗ ಆ ಅಕ್ಷರಗಳು ಒಳಗಿನ ಪದಾರ್ಥದ ಮೇಲೆ ಮೂಡಿದವು. ಬೆಳಕನ್ನು ಹೊರುವ ವಸ್ತುವನ್ನು ಹುಡುಕಿ ಹೋದವನು ತನಗೆ ಸಿಕ್ಕಿದ್ದಕ್ಕೆ ‘ಕತ್ತಲೆಯನ್ನು ಹೊರುವುದು’ ಎಂಬ ಅರ್ಥದ ಹೆಸರಿಟ್ಟನು. ಛಾಯಾಗ್ರಹಣದ ಬೀಜ ಹೀಗೆ ರಸವಾದದ ಒಲೆಯ ಬೂದಿಯಲ್ಲೇ ಮೊಳೆಯಿತು. ಐರೋಪ್ಯ ರಸವಾದಿಗಳು ಬೆಳ್ಳಿಯನ್ನು ಚಂದ್ರನೆಂದು ಕರೆಯುತ್ತಿದ್ದುದನ್ನೂ ಇಲ್ಲಿ ನೆನೆಯಬಹುದು.

ಫಿಲ್ಮಿನ ಕ್ರಿಯೆಯನ್ನು ಬೆಳ್ಳಿ ವ್ಯಾಪಾರದ ಮನೆಗಳವರು ಸುಲಭವಾಗಿ ಗ್ರಹಿಸಬಲ್ಲರು. ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳನ್ನು ಜೆಲಟಿನ್ ಎಂಬ ಅಂಟಿನಲ್ಲಿ ಬೆರೆಸಿ ಪಟ್ಟಿಯ ಮೇಲೆ ಲೇಪಿಸುತ್ತಾರೆ. ಬೆಳಕು ಬಿದ್ದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಬಿಡುಗಡೆಯಾಗುತ್ತವೆ. ಕಣ್ಣಿಗೆ ಕಾಣದ ಆ ಬಿಂಬವನ್ನು ರಾಸಾಯನಿಕ ದ್ರವವು ಕಾಣುವಷ್ಟು ಬೆಳೆಸುತ್ತದೆ. ಇನ್ನೊಂದು ದ್ರವವು ಬೆಳಕು ಕಾಣದ ಲವಣವನ್ನು ತೊಳೆದುಬಿಡುತ್ತದೆ. ಕಪ್ಪು–ಬಿಳುಪು ಚಿತ್ರದಲ್ಲಿ ನಾವು ನೋಡುವ ಕಪ್ಪು ಶುದ್ಧ ಬೆಳ್ಳಿಯೇ. ವರ್ಣಚಿತ್ರದಲ್ಲಾದರೋ ಬೆಳ್ಳಿಯನ್ನು ತೆಗೆದುಹಾಕಿ ಬಣ್ಣವನ್ನಷ್ಟೇ ಉಳಿಸುತ್ತಾರೆ.

ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಯಾರೂ ನಮೂದಿಸದ ಒಂದು ಬಾಬು ಜೆಲಟಿನ್. ಅದು ದನಗಳ ಮೂಳೆ ಮತ್ತು ಚರ್ಮದಿಂದ ಬಂದದ್ದು. ಕೆಲವು ಜೆಲಟಿನ್ ಬೆಳಕಿಗೆ ಚುರುಕಾಗಿಯೂ ಕೆಲವು ಮಂದವಾಗಿಯೂ ಇರುವುದೇಕೆಂದು ಕೊಡಾಕ್ ಸಂಸ್ಥೆಯ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪರ್ಡ್ ಶೋಧಿಸಿ, 1925ರಲ್ಲಿ ಕಾರಣವನ್ನು ಪ್ರಕಟಿಸಿದನು. ದನಗಳು ಮೇಯ್ದ ಸಾಸಿವೆ ಜಾತಿಯ ಗಿಡಗಳಲ್ಲಿನ ಗಂಧಕದ ಅಂಶ ಲೇಶಮಾತ್ರ ಜೆಲಟಿನ್ನಿನಲ್ಲಿ ಉಳಿದು ಬೆಳ್ಳಿಯನ್ನು ಚುರುಕುಗೊಳಿಸುತ್ತಿತ್ತು! ಗಂಧಕವಿಲ್ಲದೆ ರಸಸಿದ್ಧಿಯಿಲ್ಲವೆಂದ ನಮ್ಮ ಪ್ರಾಚೀನರು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದರೇನೋ. ಆದರೆ ಅವರಲ್ಲೇ ಒಬ್ಬರಾದ ಉಗ್ರಾದಿತ್ಯಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸುವಾಗ ಪಾದರಸದ ಸಂಸ್ಕಾರಕ್ಕೆ ಸ್ಥಾನ ಕೊಟ್ಟರು, ಮದ್ಯ ಮಾಂಸ ಮಧುಗಳನ್ನು ಔಷಧಿಯಿಂದ ಹೊರಗಿಟ್ಟರು. ದ್ರವ್ಯದ ಗುಣವನ್ನು ಕೇಳುವ ಮುನ್ನ ಅದು ಎಲ್ಲಿಂದ ಬಂತೆಂದು ಕೇಳುವ ಈ ಕ್ರಮವನ್ನು ಚಿತ್ರಗಳಿಗೂ ಅನ್ವಯಿಸಬಹುದು.

ವಿಪರೀತ ರಸವಾದವೂ ಒಂದುಂಟು. ಹಳೆಯ ಚಿತ್ರಗಳ ಸುರುಳಿಗಳನ್ನು ಬೆಳ್ಳಿ ತೆಗೆಯುವವರಿಗೆ ತೂಕಕ್ಕೆ ಮಾರುವುದು ನಮ್ಮ ದೇಶದಲ್ಲಿ ದೀರ್ಘಕಾಲ ನಡೆಯಿತು. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ (1931), ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934), ಇವೆರಡರ ಪ್ರತಿಯೂ ಇಂದು ಉಳಿದಿಲ್ಲ. ಇವು ಅಳಿದ ಬಗೆ ಏನೇ ಇರಲಿ, ಇವುಗಳಂತಹ ಎಷ್ಟೋ ಚಿತ್ರಗಳು ಕೊನೆಗೆ ಕಡಗ ಕುಂಕುಮಬಟ್ಟಲುಗಳಾಗಿ ಯಾವುದೋ ಮನೆ ಸೇರಿರಬಹುದು. ಬಿಂಬವನ್ನು ಕರಗಿಸಿ ಬೆಳ್ಳಿ ಮಾಡಿದವರು ನನ್ನ ವೃತ್ತಿಯವರೇ. ವ್ಯಾಪಾರದ ದೃಷ್ಟಿಯಿಂದ ಅದರಲ್ಲಿ ಅಕ್ರಮವೇನೂ ಕಾಣದಿದ್ದುದೇ ದುಃಖದ ಸಂಗತಿ.

ಜರ್ಮನಿಯ ಬಾನ್ ನಗರದಲ್ಲಿ 1979ರಿಂದ ಒಂದು ದಶಕ ಕೆಲಸ ಮಾಡಿದ ‘ಷ್ಮೆಲ್ಟ್ಸ್‌ದಾಹಿನ್’ ಎಂಬ ತಂಡದವರು ಉದ್ದೇಶಪೂರ್ವಕವಾಗಿ ಫಿಲ್ಮನ್ನು ಮಣ್ಣಿಗೆ, ಮಳೆಗೆ, ಸೂಕ್ಷ್ಮಜೀವಿಗಳಿಗೆ ಒಡ್ಡಿದರು. ಅವರಲ್ಲೊಬ್ಬನಾದ ಯೂರ್ಗನ್ ರೆಬ್ಲೆ ಮುಂದೆ ‘ಆಲ್ಕೆಮಿ’ ಎಂಬ ಹೆಸರಿನ ಪ್ರದರ್ಶನವನ್ನೇ ನಡೆಸಿದನು. ಪ್ರೇಕ್ಷಕರ ಕಣ್ಣೆದುರಿಗೆ ಓಡುತ್ತಿರುವ ಸುರುಳಿಗೆ ರಾಸಾಯನಿಕಗಳನ್ನು ಹಾಕುತ್ತ ಹಾಕುತ್ತ ಕೊನೆಗೆ ಅದು ನಾಶವಾಗುವವರೆಗೆ ತೋರಿಸುವುದು ಅದರ ಕ್ರಮ. ಹೆಸರಿನಲ್ಲಿ ರಸವಾದವಿದ್ದರೂ ನನಗೆ ಇದು ಅರ್ಧ ರಸವಾದವೆನಿಸುತ್ತದೆ. ಕರಗಿಸುವುದು ಮತ್ತು ಘನೀಕರಿಸುವುದು ಎರಡೂ ಸೇರಿದರೆ ಆ ವಿದ್ಯೆ. ಕರಗಿಸಿ ಕೈತೊಳೆದುಕೊಳ್ಳುವುದಕ್ಕೆ ಅಕ್ಕಸಾಲಿಯೂ ಬೇಕಿಲ್ಲ. ಅಮೆರಿಕದ ಬಿಲ್ ಮಾರಿಸನ್ ತನ್ನ ‘ಡೆಕೇಸಿಯ’ (2002) ಚಿತ್ರದಲ್ಲಿ ಇನ್ನೊಂದು ದಾರಿ ಹಿಡಿದನು. ಭಂಡಾರಗಳಲ್ಲಿ ತಾವಾಗಿಯೇ ಕೊಳೆತ ನೈಟ್ರೇಟ್ ಫಿಲ್ಮಿನ ತುಣುಕುಗಳನ್ನು ಆಯ್ದು 67 ನಿಮಿಷಗಳ ಚಿತ್ರವಾಗಿ ಜೋಡಿಸಿದನು. ಕೊಳೆಯ ಕಲೆಗೆ ಎದುರಾಗಿ ಮುಷ್ಟಿಯುದ್ಧ ಮಾಡುತ್ತಿರುವಂತೆ ಕಾಣುವ ಮಲ್ಲನ ದೃಶ್ಯವನ್ನು ಕಂಡವರು ಅನಿತ್ಯ ಭಾವನೆಯನ್ನು ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ಇಲ್ಲಿ ಕರ್ತೃ ಯಾವುದನ್ನೂ ಕೆಡಿಸಲಿಲ್ಲ. ಕೆಟ್ಟದ್ದನ್ನು ಕಾಪಾಡಿದನು.

ಆದರೆ ಈ ಬಗೆಯ ಚಿತ್ರಗಳಲ್ಲಿ ಹೆಚ್ಚು ವಿಚಾರ ಮಾಡಬೇಕಾದದ್ದು ಅಮೆರಿಕದ ಸ್ಟಾನ್ ಬ್ರಾಕೇಜ್ ಎಂಬಾತನ ‘ಮಾತ್‌ಲೈಟ್’ (1963). ಮೂರು–ನಾಲ್ಕು ನಿಮಿಷಗಳ ಮೂಕಚಿತ್ರ. ಕ್ಯಾಮೆರಾಕ್ಕೂ ಫಿಲ್ಮಿಗೂ ಹಣವಿಲ್ಲದ ಕಾಲದಲ್ಲಿ ಅವನು ದೀಪಗಳ ಬಳಿ ಸತ್ತುಬಿದ್ದ ಪತಂಗಗಳ ರೆಕ್ಕೆಗಳನ್ನು ಸಂಗ್ರಹಿಸಿ, ಹೂವಿನ ಎಸಳು, ಹುಲ್ಲಿನ ಗರಿಗಳ ಸಂಗಡ ಎರಡು ಪಾರದರ್ಶಕ ಅಂಟುಪಟ್ಟಿಗಳ ನಡುವೆ ಇರಿಸಿದನು. ಆ ಪಟ್ಟಿಯಿಂದಲೇ ಪ್ರಯೋಗಶಾಲೆಯಲ್ಲಿ ಪ್ರತಿ ತೆಗೆಯಿಸಿದನು. ಒಂದು ರೆಕ್ಕೆ ಹಲವು ಚೌಕಟ್ಟುಗಳಿಗೆ ಹರಡಿರುವುದರಿಂದ ತೆರೆಯ ಮೇಲೆ ಅದು ಕ್ಷಣಕ್ಷಣಕ್ಕೂ ತುಂಡುತುಂಡಾಗಿ ಮಿನುಗುತ್ತದೆ, ಮತ್ತೆ ಹಾರಿದಂತೆ ತೋರುತ್ತದೆ. ಬೆಳಕಿಗೆ ಮುಗಿಬಿದ್ದು ಸತ್ತ ಜೀವಿಯ ರೆಕ್ಕೆಯಿಂದಲೇ ಬೆಳಕು ಹಾದುಬರುತ್ತದೆ. ಚಿತ್ರಗಳಿಗಾಗಿ ಇದ್ದುದನ್ನೆಲ್ಲ ಸುರಿಯುತ್ತಿದ್ದ ತನ್ನನ್ನೂ ಅವನು ಆ ಪತಂಗಗಳಲ್ಲಿ ಕಂಡಿದ್ದನು.

ಇದನ್ನು ಮೆಚ್ಚಬಹುದೇ? ಪತಂಗ ಬೀಳಬಾರದೆಂದು ಸಂಜೆಯೊಳಗೆ ಉಣ್ಣುವ ಮನೆಗಳವರು ಕೇಳಲೇಬೇಕಾದ ಪ್ರಶ್ನೆ. ಕೃತ, ಕಾರಿತ, ಅನುಮತ ಎಂಬ ಮೂರರಲ್ಲಿ ಮೊದಲನೆಯದು ಇಲ್ಲಿಲ್ಲ. ಅವನು ಕೊಂದಿಲ್ಲ, ಸತ್ತದ್ದನ್ನು ಆಯ್ದನು. ಸೌಂದರ್ಯವೆಂದು ಸವಿಯುವುದು ಅನುಮೋದನೆಯಾಗುವುದೇ ಎಂಬಲ್ಲಿ ನಾನು ಬಹಳ ಕಾಲ ತಡೆದು ನಿಂತೆ. ಚಿತ್ರವು ಸಾವನ್ನು ಅಲಂಕರಿಸುವುದಿಲ್ಲ, ಮರೆಯಿಸುವುದೂ ಇಲ್ಲ. ದೀಪ ಹಚ್ಚಿಟ್ಟವರ ಮುಂದೆ ಲೆಕ್ಕವನ್ನು ತೆರೆದಿಡುತ್ತದೆ. ಆದ್ದರಿಂದ ಮೆಚ್ಚುತ್ತೇನೆ. ಆಕ್ಷೇಪವನ್ನೂ ಬಿಡುವುದಿಲ್ಲ. ರೆಕ್ಕೆಗಳ ಪಟ್ಟಿ ನಿರ್ದೋಷವಾದರೂ ಅದರ ಪ್ರತಿ ಮುದ್ರಿತವಾದದ್ದು ಜೆಲಟಿನ್ ಬಳಿದ ಫಿಲ್ಮಿನ ಮೇಲೆ. ಕಣ್ಣಿಗೆ ಕಾಣುವ ಪತಂಗಕ್ಕೆ ಕರಗಿದವರು ಕಾಣದ ದನವನ್ನು ಕುರಿತು ಒಂದು ಮಾತೂ ಆಡಲಿಲ್ಲ.

ಅಮೆರಿಕದವರನ್ನು ದೂರಿ ನಾವು ಪಾರಾಗುವಂತಿಲ್ಲ. ನಮ್ಮ ಬಸದಿಗಳ ಟ್ರಸ್ಟುಗಳಲ್ಲಿರುವ ಹಳೆಯ ಮಹಾಮಸ್ತಕಾಭಿಷೇಕಗಳ ಛಾಯಾಚಿತ್ರ, ಚಲನಚಿತ್ರಗಳೂ ಅದೇ ಜೆಲಟಿನ್ ಮೇಲಿನವು. ಇದನ್ನು ತಿಳಿದೊಡನೆ ಅವನ್ನು ಹೊರಗೆ ಎಸೆಯಬೇಕೆನ್ನುವವರೂ ಸಿಗುತ್ತಾರೆ. ಎಸೆದರೆ ಸತ್ತ ಜೀವ ಮರಳುವುದಿಲ್ಲ, ಉಳಿದ ನೆನಪೂ ಅಳಿಯುತ್ತದೆ. ಡಬ್ಬಿ ತೆರೆದಾಗ ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲ್ಮು ಕೆಡುತ್ತಿದೆಯೆಂದು ತಿಳಿಯಬೇಕು. ತಂಪಾದ ಒಣ ಸ್ಥಳದಲ್ಲಿ ಬೇರೆಯಾಗಿಟ್ಟು ಬೇಗನೆ ಡಿಜಿಟಲ್ ಪ್ರತಿ ಮಾಡಿಸುವುದು ಒಳಿತು. ಹೊಸದನ್ನು ತೆಗೆಯಲು ಇಂದು ಜೆಲಟಿನ್ ಬೇಕಾಗಿಲ್ಲ.

ಬೆಲೆ ತೆರುವವರು ಯಾರೆಂಬ ಪ್ರಶ್ನೆಗೆ ಬ್ರಾಕೇಜನ ಜೀವನದಲ್ಲಿ ಇನ್ನೊಂದು ಉತ್ತರವಿದೆ. ಮುಂದೆ ಅವನು ಫಿಲ್ಮಿನ ಮೇಲೆ ನೇರವಾಗಿ ಬಣ್ಣ ಬಳಿಯತೊಡಗಿದನು. ಡಾಂಟೆಯ ಕಾವ್ಯದಿಂದ ಪ್ರೇರಿತವಾದ ‘ದಾಂತೆ ಕ್ವಾರ್ಟೆಟ್’ (1987) ಎಂಬ ಕೆಲವೇ ನಿಮಿಷಗಳ ಚಿತ್ರಕ್ಕೆ ಆರು ವರ್ಷ ಹಿಡಿಯಿತು. 1996ರಲ್ಲಿ ಅವನಿಗೆ ಮೂತ್ರಕೋಶದ ಅರ್ಬುದರೋಗವೆಂದು ತಿಳಿದುಬಂದಿತು. ತಾನು ಬಳಸುತ್ತಿದ್ದ ಕಲ್ಲಿದ್ದಲ ಡಾಂಬರಿನ ಬಣ್ಣಗಳೇ ಕಾರಣವೆಂದು ಅವನು ಶಂಕಿಸಿದ್ದನು. ಪಾದರಸದ ಹೊಗೆ ಕುಡಿದು ಕೆಟ್ಟ ಹಳೆಯ ರಸವಾದಿಗಳ ಸಾಲಿನಲ್ಲಿ ಅವನನ್ನು ನಿಲ್ಲಿಸುವುದು ಅತಿಶಯೋಕ್ತಿಯಲ್ಲ. 2003ರ ಮಾರ್ಚಿನಲ್ಲಿ ತೀರಿಕೊಂಡನು. ಹಾಸಿಗೆ ಹಿಡಿದಿದ್ದ ಕೊನೆಯ ದಿನಗಳಲ್ಲಿ ‘ಚೈನೀಸ್ ಸೀರೀಸ್’ ಎಂಬ ಸಣ್ಣ ಚಿತ್ರವೊಂದನ್ನು ಮಾಡುತ್ತಿದ್ದನು. ಅದಕ್ಕೆ ಬಣ್ಣದ ಶೀಶೆಯಿರಲಿಲ್ಲ, ಕುಂಚವಿರಲಿಲ್ಲ. ಕಪ್ಪು ಪಟ್ಟಿಯನ್ನು ಉಗುಳಿನಿಂದ ಮೆತ್ತಗೆ ಮಾಡಿಕೊಂಡು ಉಗುರಿನಿಂದ ಗೆರೆ ಎಳೆಯುತ್ತಿದ್ದನು.