ಅಳಿಯನ ಸಿಂಹ, ಮಾವನ ಹದ್ದು

ಪದಕ ಎಂದಾಕ್ಷಣ ನಮಗೆ ಓಟ ಗೆದ್ದವರ ಕೊರಳು ನೆನಪಾಗುತ್ತದೆ. 15ನೇ ಶತಮಾನದ ಇಟಲಿಯ ದೊರೆಗಳು ಮಾತ್ರ ಪದಕದಲ್ಲಿ ತಮ್ಮ ಮುಖವನ್ನೇ ಮೂಡಿಸಿ, ಬೇಕಾದವರಿಗೆ ಉಡುಗೊರೆಯಾಗಿ ಹಂಚುತ್ತಿದ್ದರು. ಅದು ಚಲಾವಣೆಯ ನಾಣ್ಯವಲ್ಲ. ಅಂಗೈಯಲ್ಲಿಟ್ಟು ತಿರುಗಿಸಿ ನೋಡುವ ಬಿಲ್ಲೆ.

ಈ ಚಾಳಿ ಹಚ್ಚಿದವನು ಚಿತ್ರಕಾರ ಪಿಸಾನೆಲ್ಲೊ. 1438ರಲ್ಲಿ ಬೈಜಾಂಟಿಯಮ್ಮಿನ ಚಕ್ರವರ್ತಿ ಎಂಟನೇ ಜಾನ್ ಚರ್ಚ್ ಮಹಾಸಭೆಗೆಂದು ಫೆರಾರಾಕ್ಕೆ ಬಂದಾಗ ಅವನ ಪದಕ ಮಾಡಿದ. ಮೇಣದಲ್ಲಿ ರೂಪ ತಿದ್ದಿ, ಅಚ್ಚು ತೆಗೆದು, ಕಂಚು ಇಲ್ಲವೇ ಸೀಸದ ಎರಕ ಹೊಯ್ಯುವುದು ಕ್ರಮ. ಇಷ್ಟಾದರೂ ಪದಕಗಳ ಮೇಲೆ ಅವನು ಹಾಕುತ್ತಿದ್ದ ಸಹಿ ‘ಚಿತ್ರಕಾರ ಪಿಸಾನೊನ ಕೃತಿ’ ಎಂದೇ.

1444ರಲ್ಲಿ ಫೆರಾರಾದ ದೊರೆ ಲಿಯೊನೆಲ್ಲೊ ದೆಸ್ತೆ ಅರಗಾನ್ ರಾಜ ಅಲ್ಫೊನ್ಸೊನ ಮಗಳು ಮರಿಯಾಳನ್ನು ಮದುವೆಯಾದ. ಆ ಮದುವೆಗೆ ಪಿಸಾನೆಲ್ಲೊ ಮಾಡಿದ ಪದಕದ ಮುಂಬದಿಯಲ್ಲಿ ವರನ ಪಕ್ಕನೋಟ, ಸುತ್ತ ಬಿರುದು. ಜೊತೆಗೆ ಮೂರು ತುಂಡು ಪದ: ಜಿಇ, ಆರ್, ಎಆರ್. ಬಿಡಿಸಿದರೆ ‘ಅರಗಾನ್ ರಾಜನ ಅಳಿಯ’! ಪುಟ್ಟ ರಾಜ್ಯದ ದೊರೆಗೆ ದೊಡ್ಡ ಮಾವ ಸಿಕ್ಕರೆ ಸುಮ್ಮನಿದ್ದಾನೆಯೇ? ಹಿಂಬದಿಯಲ್ಲಿ ಇನ್ನೂ ಸೊಗಸು. ರೆಕ್ಕೆಯ ಹುಡುಗ ಕ್ಯುಪಿಡ್ ಸಂಗೀತದ ಸುರುಳಿ ಬಿಚ್ಚಿ ಹಿಡಿದಿದ್ದಾನೆ. ಸಿಂಹ ಬಾಯಿ ತೆರೆದು ಪಾಠ ಒಪ್ಪಿಸುತ್ತಿದೆ. ದೊರೆಯ ಹೆಸರಿನಲ್ಲೇ ಸಿಂಹವಿದೆ. ಪ್ರೇಮ ಅದನ್ನು ಪಳಗಿಸಿತು ಎಂಬ ಚೇಷ್ಟೆ. ಸಂಗೀತ, ಸಾಹಿತ್ಯಗಳ ರುಚಿಯಿದ್ದ ಲಿಯೊನೆಲ್ಲೊ ಮಾತ್ರ ಇಂಥ ತಮಾಷೆಗೆ ಒಪ್ಪಬಲ್ಲವನು.

ಮಾವನ ಸರದಿ 1449ರಲ್ಲಿ ಬಂತು. ಅಲ್ಫೊನ್ಸೊ 1442ರಲ್ಲಿ ಯುದ್ಧ ಮಾಡಿ ನೇಪಲ್ಸ್ ಗೆದ್ದವನು. ಪಿಸಾನೆಲ್ಲೊ ಅವನ ಮುಖದ ಒಂದು ಬದಿಗೆ ಶಿರಸ್ತ್ರಾಣ, ಇನ್ನೊಂದು ಬದಿಗೆ ಕಿರೀಟ ಇಟ್ಟು, ‘ವಿಜೇತ, ಶಾಂತಿದಾತ’ ಎಂದು ಎರಡನ್ನೂ ಒಟ್ಟಿಗೆ ಬರೆದ. ತಿರುಗಿಸಿದರೆ ಸತ್ತ ಜಿಂಕೆಮರಿ. ಮೇಲೆ ಹದ್ದು, ಸುತ್ತ ಕಾದು ಕುಳಿತ ಹಕ್ಕಿಗಳು. ಹದ್ದು ತನ್ನ ಬೇಟೆಯಲ್ಲಿ ಉಳಿದ ಹಕ್ಕಿಗಳಿಗೂ ಪಾಲು ಬಿಡುತ್ತದೆಂಬುದು ಹಳೆಯ ನಂಬಿಕೆ. ಅದಕ್ಕೇ ಮೇಲೆ ‘ಸಾಮ್ರಾಟನ ಔದಾರ್ಯ’ ಎಂಬ ಬರಹ. ಔದಾರ್ಯವೇನೋ ಸರಿ, ಆದರೆ ಹಂಚುತ್ತಿರುವುದು ಕೊಂದು ತಂದದ್ದನ್ನು. ಆಸ್ಥಾನದ ಯಾವ ಹೊಗಳುಭಟನೂ ರಾಜನ ಬಗ್ಗೆ ಇಷ್ಟು ನಿಜ ನುಡಿದಿರಲಾರ.

ಸಂಗ್ರಹಕಾರರು ಮೊದಲು ಅಳತೆಪಟ್ಟಿ ಹಿಡಿಯುತ್ತಾರೆ. ಲೋಹ ತಣಿದಾಗ ಕುಗ್ಗುವುದರಿಂದ, ಪದಕದಿಂದಲೇ ಅಚ್ಚು ತೆಗೆದು ಹೊಯ್ದ ನಕಲು ಮೂಲಕ್ಕಿಂತ ಕೊಂಚ ಚಿಕ್ಕದು, ಗೆರೆಗಳೂ ಮೊಂಡು. ನೋಡುವವರಿಗೆ ಆ ತಾಪತ್ರಯವಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಗಳಲ್ಲಿ ಪಿಸಾನೆಲ್ಲೊ ಪದಕಗಳಿವೆ; ಅವುಗಳ ಜಾಲತಾಣದಲ್ಲೂ ನೋಡಬಹುದು. ಮುಖ ನೋಡಿ ಅಲ್ಲಿಗೇ ನಿಲ್ಲಿಸಬೇಡಿ. ದೊರೆ ಹೇಗಿದ್ದ ಎಂಬುದು ಮುಂಬದಿಯಲ್ಲಿದ್ದರೆ, ತನ್ನನ್ನು ಏನೆಂದು ನಂಬಬೇಕೆಂದು ಬಯಸಿದ್ದ ಎಂಬುದು ಹಿಂಬದಿಯಲ್ಲಿದೆ.